ಮಿಷನ್ ಕೋಣೆಯ ಕ್ಯಾಮೆರಾ

ನನ್ನ ಹೆಂಡತಿ ಈಗ ಗುಣವಾಗಿದ್ದಾಳೆ. ಅರಕಲಗೂಡಿನ ತವರಿಗೆ ಒಬ್ಬಳೇ ಬಸ್ಸು ಹತ್ತಿ ಹೋಗುತ್ತಾಳೆ, ನನ್ನನ್ನು ಕರೆಯುವುದೂ ಇಲ್ಲ. ಹಾಸನದ ಆಸ್ಪತ್ರೆಯಲ್ಲಿ ಅವಳಿಗೆ ರೇಡಿಯೇಷನ್ ಕೊಟ್ಟ ಆ ಐದು ವಾರ ನೆನೆದರೆ, ಹೇಳಿದರೆ ಬೈತೀರಿ, ನನಗೆ ಆ ದಿನಗಳ ಮೇಲೆ ಆಸೆಯಾಗುತ್ತದೆ. ಹೊಳೆನರಸೀಪುರದಲ್ಲಿ ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿ ಕಂಡವರ ಮದುವೆಗಳಲ್ಲೇ ಆಯುಸ್ಸು ಕಳೆದವನು ನಾನು. ಅವಳ ಪಕ್ಕ ದಿನವೂ ಬಸ್ಸಿನಲ್ಲಿ ಕೂತಿದ್ದು ಅದೇ ಮೊದಲು.

ಅವಳಿಗೆ ನೋವಿನ ಭಯವಿರಲಿಲ್ಲ. ದಪ್ಪ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದಮೇಲೆ ಒಳಗೆ ಒಬ್ಬಳೇ ಮಲಗುವುದೆಂದರೆ ನಡುಕ. ಮಿಷನ್ ನಡೆಸುವ ಟೆಕ್ನೀಷಿಯನ್ ಒಳ್ಳೆಯ ಹೆಣ್ಣುಮಗಳು, ನನ್ನನ್ನು ಪರದೆಯ ಮುಂದೆ ಕೂರಿಸಿಕೊಂಡಳು. ಒಳಗಿನ ಕ್ಯಾಮೆರಾದಲ್ಲಿ ಹೆಂಡತಿ ಕಾಣುತ್ತಿದ್ದಳು. ಮಿಷನ್ ನಿಂತ ಕೂಡಲೇ ಬೆರಳೆತ್ತುವುದು ಅವಳ ಪಾಲಿನ ಕೆಲಸ. ಒಂದಾದರೆ ರಾತ್ರಿಗೆ ಸೊಪ್ಪಿನ ಸಾರು, ಎರಡಾದರೆ ಅವರೆಕಾಳು, ಮೂರಾದರೆ ಹುರುಳಿಕಾಳು. ಅಡುಗೆ ನನ್ನದು. ಹೊರಬಂದವಳೇ "ಎಷ್ಟು?" ಎಂದು ಕೇಳುತ್ತಿದ್ದಳು. ಸರಿಯಾಗಿ ಹೇಳಿದರೆ ಅವಳ ಮುಖ ಅರಳುತ್ತಿತ್ತು.

ನಾಲ್ಕನೇ ವಾರ ಪರದೆಯ ತುಂಬ ಬಿಳಿ ಚುಕ್ಕೆಗಳು. ಮೊದಲೆಲ್ಲ ಮಿಷನ್ ಓಡುವಾಗ ಮಾತ್ರ ಮಿಣುಕುತ್ತಿದ್ದವು, ಈಗ ಅಲ್ಲೇ ಕೂತುಬಿಟ್ಟಿದ್ದವು.

"ರೇಡಿಯೇಷನ್ ಬಿದ್ದೂ ಬಿದ್ದೂ ಕ್ಯಾಮೆರಾ ಕಣ್ಣೇ ಓಯ್ತದೆ ಸಾ," ಎನ್ನುತ್ತ ಟೆಕ್ನೀಷಿಯನ್, ಹಿಂದೆ ಬಿಚ್ಚಿಟ್ಟಿದ್ದ ಹಳೆಯದೊಂದನ್ನು ತೋರಿಸಿದಳು. ಅದರ ಗಾಜು ಹಳದಿಗಟ್ಟಿತ್ತು. ವೈರಿನ ಹೊದಿಕೆ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಎಕ್ಸ್‌ರೇಗೆ ಸಿಕ್ಕಿ ಮಸುಕಾದ ಫಿಲಂ ರೋಲು ಕಂಡವನು ನಾನು, ಆದರೂ ಕೈ ಹಿಂತೆಗೆದು ಪರದೆಯತ್ತ ತಿರುಗಿದೆ. ಒಳಗೆ ಮಲಗಿದ್ದವಳು ನನ್ನ ಹೆಂಡತಿ.

ಮರುದಿನ ಒಳಗಿನ ಕ್ಯಾಮೆರಾದ ಚಿತ್ರ ಪೂರ್ತಿ ಬೆಳ್ಳಗಾಯಿತು. ಕೋಣೆಯ ಎರಡನೇ ಕ್ಯಾಮೆರಾದಲ್ಲಿ ಅವಳ ಪಾದ ಮಾತ್ರ ಕಾಣುತ್ತಿತ್ತು. ಹೊರಬಂದು ಎಂದಿನಂತೆ ಕೇಳಿದಳು. ಕಾಣಲಿಲ್ಲವೆಂದರೆ ಹೆದರಿಯಾಳೆಂದು, "ಎರಡು" ಎಂದುಬಿಟ್ಟೆ. ಅವಳ ಮುಖ ಅರಳಲಿಲ್ಲ. ಬಸ್ಸು ಊರು ಮುಟ್ಟುವ ಹೊತ್ತಿಗೆ ಮೆಲ್ಲಗೆ ಹೇಳಿದಳು.

"ಭುಜ ನೋಯ್ತಿತ್ತು ಕಣ್ರೀ. ಇವತ್ತು ಬೆರಳೇ ಎತ್ಲಿಲ್ಲ."

ನಾಚಿಕೆಯಿಂದ ತಲೆ ತಗ್ಗಿಸಿದೆ. ಕ್ಯಾಮೆರಾ ಕೆಟ್ಟಿದ್ದನ್ನು ಒಪ್ಪಿಕೊಂಡೆ.

"ಕಾಣ್ದಿದ್ರೆ ಕಾಣಾಕಿಲ್ಲ ಅನ್ನಿ," ಎಂದಳು. "ಆದ್ರೆ ಎದ್ದು ಓಗ್ಬ್ಯಾಡಿ. ಅಲ್ಲೇ ಕೂತಿರಿ."