ಅಜ್ಜಾರಿಗೆ ದೇಶದ ಸುದ್ದಿ

ಗೋವಾದ ಪರ್ವರಿಯಲ್ಲಿ ಮನೆ ಕಟ್ಟುವ ಗೌಂಡಿ ಕೆಲಸ ಮಾಡುವ ಕೊಪ್ಪಳದ ಕಡೆಯ ಯಮನೂರಪ್ಪ, ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ನಮ್ಮ ಬಡಾವಣೆಯ ಉದ್ಯಾನದಲ್ಲಿರುವ ಗಾಂಧಿ ಪ್ರತಿಮೆಗೆ ದೇಶದ ಸುದ್ದಿ ಒಪ್ಪಿಸುತ್ತಾನೆ. ಮೊದಲು ಹೆಗಲ ಮೇಲಿನ ಟವೆಲ್ಲಿನಿಂದ ಪ್ರತಿಮೆಯ ತಲೆಯ ಮೇಲಿನ ಕಾಗೆಯ ಹಿಕ್ಕೆ ಒರೆಸುತ್ತಾನೆ. ಹಿರಿಯರನ್ನು ಹೊಲಸಿನಲ್ಲಿ ನಿಲ್ಲಿಸಿ ಮಾತಾಡಿಸುವುದು ಮರ್ಯಾದೆಯಲ್ಲ ಎಂಬುದು ಅವನ ನಿಯಮ. “ಅಜ್ಜಾರ, ಈಗ ಕುಡಿಯೋ ನೀರ್ನೂ ಬಾಟ್ಲಿಯೊಳಗ ಮಾರಾಕತ್ತಾರ್ರಿ. ನೀವು ಉಪ್ಪಿನ ಸಲುವಾಗಿ ನಡದ್ರಿ, ಈ ಸಾಹೇಬ್ರು ಸಕ್ರಿ ಬ್ಯಾನಿ ಸಲುವಾಗಿ ನಡ್ಯಾಕತ್ತಾರ್ರಿ,” ಎಂದು ವಾಕಿಂಗಿಗೆ ಬಂದ ನನ್ನತ್ತ ಕೈ ತೋರಿಸುತ್ತಾನೆ. ಚಂದ್ರನಿಗೆ ರಾಕೆಟ್ ಹಾರಿದ ಸುದ್ದಿಯನ್ನು ಬಿಡಿಸಿ ಹೇಳುವಷ್ಟರಲ್ಲಿ ತಡವಾಗಿ, ಮೇಸ್ತ್ರಿಯಿಂದ ಬೈಸಿಕೊಂಡದ್ದೂ ಉಂಟು. “ದೇಶದ ಕೆಲಸ ಇತ್ರಿ,” ಎಂದನಂತೆ. ಈ ಸಲದ ಗಾಂಧಿ ಜಯಂತಿಗೆ ಒಗೆದ ಅಂಗಿ ತೊಟ್ಟು, ಸೇವಂತಿಗೆ ಹಾರ ಹಿಡಿದು ಬಂದ. ದೊಡ್ಡವರು ಬರುವ ಹೊತ್ತಾಗಿತ್ತು. ಕೂಲಿಯವರನ್ನು ಇವತ್ತು ಒಳಗೆ ಬಿಡುವುದಿಲ್ಲವೆಂದು ಕಾವಲುಗಾರ ಗೇಟಿನಿಂದಲೇ ಅಟ್ಟಿಬಿಟ್ಟ. ಮರುದಿನ ಅಜ್ಜನಿಗೆ ಅವನು ಏನು ದೂರು ಹೇಳುವನೋ ಎಂದು ನಾನು ಬೆಂಚಿನಲ್ಲಿ ಕುಳಿತು ಕಾದೆ. ಯಮನೂರಪ್ಪ ಎಂದಿನಂತೆ ಪ್ರತಿಮೆಯ ತಲೆ ಒರೆಸಿದ. “ನಿನ್ನಿ ಮೈಯಾಗ ಆರಾಮಿರ್ಲಿಲ್ರಿ ಅಜ್ಜಾರ, ಅದಕ್ಕ ಬರಾಕ ಆಗ್ಲಿಲ್ಲ,” ಎಂದ.