ಅಮವಾಸ್ಯೆಯ ದಿನ ಹಟ ಹಿಡಿದ ತೂಕದ ಕಂಪ್ಯೂಟರ್

ಗೆಳೆಯರೇ, ನಾನು ಲಿನಕ್ಸ್ ಹಾಕಿಕೊಟ್ಟಿದ್ದ ಯಶವಂತನಗರದ, ಲಾರಿ ತೂಗುವ ವೇಬ್ರಿಜ್ ಕಂಪ್ಯೂಟರ್ ಇವತ್ತು ಹಟ ಹಿಡಿಯಿತು. ಆನ್ ಮಾಡಿದರೆ ಮೊದಲ ಮೆನುವಿನಲ್ಲೇ ನಿಲ್ಲುತ್ತದೆ. ಹೊರಗೆ ತೂಕಕ್ಕೆ ಕಾದ ಅದಿರಿನ ಲಾರಿಗಳ ಹಾರ್ನ್ ಸದ್ದು. ಆಪರೇಟರ್ ವೀರೇಶಣ್ಣ, "ನಿಮ್ ಲಿನಕ್ಸ್ ನಮಗ ಬ್ಯಾಡ್ರಿ ಸರ, ಹಳೇ ವಿಂಡೋಸೇ ಹಾಕ್ರಿ" ಎಂದ. ನನಗೆ ಸಿಟ್ಟು ಬಂತು. ಕೇಬಲ್ ಬಿಚ್ಚಿದೆ, ಕೆಂಪು ಧೂಳು ಊದಿದೆ, ಸಿ.ಡಿ. ಹಾಕಿದೆ, ಊಹೂಂ. ಕೊನೆಗೆ ನೋಡಿದರೆ, ಬೆಳಗಿನ ಅಮವಾಸ್ಯೆ ಪೂಜೆಯಲ್ಲಿ ಕಂಪ್ಯೂಟರಿಗೆ ಇಟ್ಟ ನಿಂಬೆಹಣ್ಣು ಮಾನಿಟರಿನ ಕೆಳಗೆ ಸಿಕ್ಕಿಕೊಂಡು ಕೀಬೋರ್ಡಿನ ಗುಂಡಿಯೊಂದನ್ನು ಒತ್ತಿಕೊಂಡೇ ಕೂತಿದೆ! ತೆಗೆದು ಮತ್ತೆ ಆನ್ ಮಾಡಿದೆ, ಸಲೀಸಾಗಿ ಶುರುವಾಯಿತು.

ವೀರೇಶಣ್ಣ ಕೈಮುಗಿದ. ನನಗಲ್ಲ, ನಿಂಬೆಹಣ್ಣಿಗೆ. "ಪೂಜಿ ಮಾಡಿದ್ದಕ್ಕ ಇಷ್ಟರಾಗ ಮುಗೀತ್ರಿ ಸರ. ಭಾಳ ಪವರ್ ಐತಿ, ನೀವ ಇಟ್ಕೊರ್ರಿ."

ಮನೆಗೆ ತಂದು ಶರಬತ್ತು ಮಾಡಿ ಕುಡಿದೆ. ಪವರ್ ಇರುವುದು ನಿಜ.