ಬೋರು ಮಾತ್ರ ಮೂವರಿಗೂ

ಅವರ ಹೆಬ್ಬೆರಳು ಹುಣಸೆ ಬೀಜದ ಹಾಗೆ ನುಣ್ಣಗಿತ್ತು. ಗೆರೆ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಚಿಕ್ಕಂದಿನಿಂದ ಹಿಪ್ಪುನೇರಳೆ ಕಡ್ಡಿಯಿಂದ ಸೊಪ್ಪು ಬಿಡಿಸಿ ಬಿಡಿಸಿ ಸವೆದ ಬೆರಳು ಅದು. ಉಗುರಿನ ಅಂಚಿನ ಹಸಿರು ಮಾತ್ರ ಹಬ್ಬದ ದಿನ ಎಣ್ಣೆ ನೀರು ಹಾಕಿಕೊಂಡರೂ ಹೋಗುತ್ತಿರಲಿಲ್ಲ. ಮಂಡಿಕಲ್ ಕಡೆಯ ನಮ್ಮೂರಿನಲ್ಲಿ ನಮ್ಮ ಗೋಡೆಗೆ ಗೋಡೆ ಅಂಟಿಕೊಂಡಿದ್ದ ಮನೆ ಅವರದು. ರೇಷ್ಮೆ ಹುಳ ಸಾಕುತ್ತಿದ್ದುದರಿಂದ ಊರಿಗೆಲ್ಲ ಹುಳದ ಮನೆ ಅಜ್ಜಿ. ನಾನು ಆಡುವ ಮಾತಿನಲ್ಲಿ ಅರ್ಧಕ್ಕರ್ಧ ಅವರ ಬಾಯಿಂದ ಕದ್ದದ್ದು.

ಸಮಾಧಾನದಲ್ಲಿದ್ದರೆ ಕನ್ನಡ, ಸಿಟ್ಟು ಬಂದರೆ ತೆಲುಗು. ಮಕ್ಕಳು ಎದುರು ಮಾತಾಡಿದರೆ "ಊರುಕೋರಾ", ಸುಮ್ಮನಿರೋ, ಅಂತ ಒಂದು ಸಲ ಗದರಿದರೆ ಮನೆಯೇ ತಣ್ಣಗಾಗುತ್ತಿತ್ತು. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿಕೊಂಡು ಸುಮ್ಮನೆ ಕೂತುಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಮುಟ್ಟಲೂಬಾರದು. ಯಾರಾದರೂ ಮುನಿಸಿಕೊಂಡು ಊಟ ಬಿಟ್ಟರೆ ಅಜ್ಜಿ ನಕ್ಕು, "ಬಿಡ್ರಮ್ಮ, ಜ್ವರಕ್ಕೆ ಕೂತಿದೆ, ತಾನಾಗೇ ಏಳುತ್ತೆ" ಅನ್ನುತ್ತಿದ್ದರು.

ಆ ನಗು ನಿಂತದ್ದು ಒಂದು ದಿನ ತೋಟದಲ್ಲಿ ತಲೆ ಸುತ್ತಿ ಬಿದ್ದ ಮೇಲೆ. ಮೂರು ಎಕರೆ ಹಿಪ್ಪುನೇರಳೆ, ಒಂದೇ ಬೋರು, ಎಲ್ಲವೂ ಅವರ ಹೆಸರಿನಲ್ಲೇ ಇತ್ತು. ಹಿರಿಯ ಮಗ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿದ್ದ, ರಜೆಯ ದಿನ ಊರಿಗೆ ಬರುತ್ತಿದ್ದ. ಕಿರಿಯವನು ತೋಟ ನೋಡಿಕೊಳ್ಳುತ್ತಿದ್ದ. ನಡುವಿನ ಮಗಳನ್ನು ಮೂರು ಮೈಲಿ ಆಚೆಯ ಊರಿಗೆ ಕೊಟ್ಟಿದ್ದರು. ಹೆಣ್ಣುಮಗಳಿಗೆ ಅರಿಶಿನ ಕುಂಕುಮ, ಒಂದು ಸೀರೆ ಸಾಕು ಅಂತ ಊರು ಹೇಳುತ್ತಿತ್ತು. ಅಜ್ಜಿಗೆ ಕಣ್ಣು ಮುಚ್ಚುವ ಮೊದಲೇ ಮೂವರಿಗೂ ಸಮ ಕೊಡುವ ಆಸೆ. ಆದರೆ ಗೌರಿ ಹಬ್ಬದ ಭಯ.

ನಮ್ಮ ಬೀದಿಯಲ್ಲೇ ಒಬ್ಬಾಕೆ ತವರಿನಿಂದ ಪಾಲು ತೆಗೆದುಕೊಂಡಿದ್ದಳು. ಆಮೇಲೆ ಅಣ್ಣಂದಿರು ಹಬ್ಬಕ್ಕೆ ಬಾಗಿನ ತರುವುದನ್ನೇ ಬಿಟ್ಟರು. ಹಬ್ಬದ ಬೆಳಿಗ್ಗೆ ಆಕೆ ಜಗಲಿಯ ಮೇಲೆ ನಿಂತು, ಬಸ್ಸು ಬಂದು ಹೋಗುವ ತನಕ ನೋಡಿ ಒಳಗೆ ಹೋಗುತ್ತಿದ್ದಳು.

"ಅವಳಿಗೆ ನೆಲ ಸಿಕ್ತು, ತವರು ಹೋಯ್ತು" ಎಂದು ಅಜ್ಜಿ ಸೆರಗಿನ ತುದಿ ತಿರುಚುತ್ತಾ ನನ್ನನ್ನು ಕೇಳುತ್ತಿದ್ದರು. "ಕೊಡ್ದೆ ಇದ್ರೆ ನಾನು ಪಾಪಿ. ಕೊಟ್ರೆ ನನ್ನ ಮಗಳು ಪರದೇಶಿ. ಏನ್ಮಾಡ್ಲಿ ಹೇಳಮ್ಮ?"

ನನ್ನನ್ನಷ್ಟೇ ಅಲ್ಲ, ಹಾಲಿನವನನ್ನೂ ಕೇಳಿದರು, ಬಸ್ಸಿನ ಕಂಡಕ್ಟರನ್ನೂ ಕೇಳಿದರು. ತಿಂಗಳುಗಟ್ಟಲೆ ಅದೇ. ಸೆರಗಿನ ತುದಿ ಎಳೆ ಬಿಟ್ಟು ಜುಂಜಾಯಿತು.

ಕೊನೆಗೆ ಹುಳ ಹಣ್ಣಾದ ದಿನ ಬಂತು. ಗೂಡು ಕಟ್ಟಲು ಸಿದ್ಧವಾದ ಹುಳವನ್ನು ಅಂದೇ ಆರಿಸಿ ಚಂದ್ರಿಕೆಯ ಮೇಲೆ ಬಿಡಬೇಕು, ಬಿದಿರಿನ ಆ ತಟ್ಟೆಯ ಸುರುಳಿಯಲ್ಲೇ ಅದು ಗೂಡು ಕಟ್ಟುವುದು. ಮನೆಮಂದಿಯೆಲ್ಲ ಬರಲೇಬೇಕಾದ ಕೆಲಸ ಅದು. ಮೂವರು ಮಕ್ಕಳೂ ಬಂದಿದ್ದರು, ಕೈ ಜೋಡಿಸಲು ನಾನೂ ಇದ್ದೆ. ಮಧ್ಯಾಹ್ನ ಮುದ್ದೆ, ಉಪ್ಪುಸಾರು ಬಡಿಸಿ ಅಜ್ಜಿ ಹೇಳಿಬಿಟ್ಟರು.

"ಮೂರು ಭಾಗ ಮಾಡ್ತೀನಿ. ಮಗಳಿಗೂ ಒಂದು."

ಹಿರಿಯವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಅವಳು ಕೇಳಿದ್ಲಾ?"

"ನಾನೆಲ್ಲಣ್ಣ ಕೇಳ್ದೆ? ನಂಗೆ ಬೇಡಪ್ಪ. ಹಬ್ಬಕ್ಕೆ ನೀವಿಬ್ರು ಬಂದ್ರೆ ಸಾಕು" ಅಂದಳು ಮಗಳು.

"ಬೇಡ ಅನ್ನೋಳು ಕಣ್ಣು ಯಾಕೆ ಒರೆಸ್ಕೊಂತೀಯ?" ಎಂದು ಅವಳ ಬಾಯಿ ಮುಚ್ಚಿಸಿ ಅಜ್ಜಿ ಮುಂದುವರಿಸಿದರು. "ಬೋರು ಮಾತ್ರ ಭಾಗ ಇಲ್ಲ. ಅದು ಮೂವರಿಗೂ. ಸರದಿ ಮೇಲೆ ನೀರು ಬಿಟ್ಕೊಳ್ಳಿ."

ಕಿರಿಯವನು ನಕ್ಕೇಬಿಟ್ಟ. "ಜಂಟಿ ಬೋರಾ? ಸರಿಹೋಯ್ತು! ದಿನಾ ಜಗಳ ಕಣಮ್ಮ. ಮೋಟ್ರು ಸುಟ್ಟೋದ್ರೆ ಯಾರು ಮಾಡಿಸೋದು?"

"ಆಗ್ಲಿ, ಅದಕ್ಕೇ ಇಡ್ತಿರೋದು. ಜಗಳ ಆಡೋಕಾದ್ರೂ ಮಾತಾಡ್ಬೇಕಲ್ಲ. ಮಾತು ಬಿಟ್ಟೋರ ಮನೆಗೆ ಬಾಗಿನ ಹೋಗಲ್ಲ ಕಣೋ."

ಹಿರಿಯವನು ಎದ್ದು ಕೈ ತೊಳೆದು ಬೈಕು ಹತ್ತಿ ಹೋದ. ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿದಿತ್ತು. ಅಜ್ಜಿಯೂ ಅವತ್ತು ಉಣ್ಣಲಿಲ್ಲ.

ಮೂರು ಭಾನುವಾರ ಅವನು ಬರಲಿಲ್ಲ. "ಜ್ವರಕ್ಕೆ ಕೂತಿದಾನೆ, ಏಳ್ತಾನೆ ಬಿಡಿ ಅಜ್ಜಿ" ಎಂದು ಅವರ ಮಾತನ್ನೇ ಅವರಿಗೆ ಒಪ್ಪಿಸಿದೆ. ಅವರು ನಗಲಿಲ್ಲ.

"ಕೆಲವು ಹುಳ ಜ್ವರದಿಂದ ಏಳಲ್ಲ ಕಣಮ್ಮ."

ಭಾಗದ ಪತ್ರ ನೋಂದಾಯಿಸುವ ದಿನ ಮಗಳು, ಕಿರಿಯವನ ಜೊತೆ ಸಾಕ್ಷಿಗೆಂದು ನಾನೂ ನೋಂದಣಿ ಕಚೇರಿಗೆ ಹೋದೆ. ಹಿರಿಯ ಮಗ ಶಿಫ್ಟು ಮುಗಿಸಿ ನೇರ ಅಲ್ಲಿಗೇ ಬಂದು, ದೂರದ ಬೆಂಚಿನಲ್ಲಿ ಒಬ್ಬನೇ ಕೂತ. ಅಜ್ಜಿ ಯಂತ್ರದ ಗಾಜಿನ ಮೇಲೆ ಹೆಬ್ಬೆರಳಿಟ್ಟರು. ಬರಲಿಲ್ಲ. ಒರೆಸಿ ಇಟ್ಟರು. ಬರಲಿಲ್ಲ. ಎಡಗೈಯದನ್ನೂ ಇಡಿಸಿದರು. ಗೆರೆ ಕಾಣದ ಬೆರಳಲ್ಲಿ ಅದು ತಾನೇ ಏನು ಓದೀತು?

"ಬೆರಳು ತಗೋತಿಲ್ಲ ಅಜ್ಜಿ. ಇನ್ನೊಂದ್ ದಿನ ಬಂದ್ಬಿಡಿ" ಅಂದರು ಅಲ್ಲಿನವರು.

ಅಜ್ಜಿ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. "ಅವರಿಗೇ ಇಷ್ಟ ಇಲ್ಲವೇನೋ" ಎಂದು ತೀರಿಹೋದ ಗಂಡನನ್ನು ನೆನೆದು ನನ್ನ ಕಿವಿಯಲ್ಲಿ ಅಂದು, ಬೆಂಚಿನ ಕಡೆ ತಿರುಗಿ ನೋಡಿದರು. ಅವನು "ಸರಿ, ನಡೀರಿ" ಅಂದಿದ್ದರೆ ಆ ಇನ್ನೊಂದು ದಿನ ಎಂದಿಗೂ ಬರುತ್ತಿರಲಿಲ್ಲ. ಅದು ನಮಗೆಲ್ಲ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಅವನು ಎದ್ದು ಬಂದ. ತಾಯಿಯ ಕೈ ಹಿಡಿದು, ಜಿಡ್ಡು ತಾಗಿದರೆ ಸವೆದ ಗೆರೆಯೂ ಮೂಡೀತು ಅಂತ, ಆ ಹೆಬ್ಬೆರಳನ್ನು ಎಣ್ಣೆ ಹಚ್ಚಿದ್ದ ತನ್ನ ತಲೆಗೂದಲಿಗೆ ಚೆನ್ನಾಗಿ ಉಜ್ಜಿದ. ಆಮೇಲೆ ತಾನೇ ಗಾಜಿನ ಮೇಲಿಟ್ಟು ಒತ್ತಿ ಹಿಡಿದ.

"ಗಟ್ಟಿಯಾಗಿ ಒತ್ತಮ್ಮ. ಇನ್ನೂ."

ಬಂತು. ಅಜ್ಜಿ ಬಿಟ್ಟ ಉಸಿರು ನನ್ನ ಕೆನ್ನೆಗೆ ತಾಗಿತು. ಅವನು ತಂಗಿಯ ಮುಖ ನೋಡದೆಯೇ ಗದರಿದ. "ಭಾನುವಾರದ ನೀರು ನಂದು ಕಣೇ. ಮುಟ್ಟಿದ್ರೆ ನೋಡು."

ಮುಂದಿನ ಬೆಳೆಯ ಹುಳ ಗೂಡು ಕಟ್ಟುವ ಮೊದಲೇ ಅಜ್ಜಿ ಹೋಗಿಬಿಟ್ಟರು.

ಕಿರಿಯವನು ಹೇಳಿದ್ದು ಸುಳ್ಳಾಗಲಿಲ್ಲ. ಎರಡು ಸಲ ಮೋಟ್ರು ಸುಟ್ಟುಹೋಯಿತು, ಜಗಳಕ್ಕೆ ಲೆಕ್ಕವೇ ಇಲ್ಲ. ವರ್ಷದ ತಿಥಿ ಮುಗಿದು ಮೊದಲ ಗೌರಿ ಹಬ್ಬ ಹತ್ತಿರ ಬಂದಾಗ ನನಗೆ ಊಟ ಸೇರುತ್ತಿರಲಿಲ್ಲ. ಮಾತನ್ನಷ್ಟೇ ಕದ್ದಿದ್ದೆ ಅಂದುಕೊಂಡಿದ್ದೆ. ಅಜ್ಜಿಯ ಆ ಭಯವೂ ನನ್ನ ಪಾಲಿಗೇ ಬಂದಿತ್ತು. ಹಬ್ಬದ ಹಿಂದಿನ ಸಂಜೆ ಪಕ್ಕದ ಮನೆಯಲ್ಲಿ ಹಿರಿಯವನು ಫೋನಿನಲ್ಲಿ ಕೂಗಾಡುವುದು ಕೇಳಿಸಿತು. ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಗೋಡೆಗೆ ಕಿವಿ ಕೊಟ್ಟೆ.

"ನಿನ್ನ ಸರದಿ ನೆನ್ನೆಗೇ ಮುಗೀತು ಕಣೇ! ಯಾರನ್ನ ಕೇಳಿ ಮೋಟ್ರು ಹಾಕ್ದೆ? ಇರು, ಇರು. ಬೆಳಿಗ್ಗೆ ಬಾಗಿನ ತಗೊಂಡು ಅಲ್ಲಿಗೇ ಬರ್ತೀವಲ್ಲ ಇಬ್ರೂ, ಆಗ ಮಾಡ್ತೀನಿ ನಿಂಗೆ!"